ಸೂರಿಲ್ಲದ ಅಕ್ಷರ

ಮೌಸಿನ ಬಲಗುಂಡಿ ಒತ್ತಿದರೆ
ಏನೂ ಆಗದಂತೆ ಮಾಡಿದವನು ನಾನೇ.
ಹದಿನೇಳು ಕಂಪ್ಯೂಟರು, ಹದಿನೇಳಕ್ಕೂ ಒಂದೇ ಮುಖ:
ಕೌಂಟಿ ಕಚೇರಿಯ ಲಾಂಛನ, ಮುಟ್ಟಿದಲ್ಲೆಲ್ಲ
‘ಈ ಕೆಲಸಕ್ಕೆ ನಿಮಗೆ ಅನುಮತಿ ಇಲ್ಲ’.
ಮೂಲೆಯ ಗಡಿಯಾರ ಏಳು ನಿಮಿಷ ಹಿಂದೆ.
ಅದನ್ನು ಸರಿಪಡಿಸಲು ನನಗೂ ಅನುಮತಿ ಇರಲಿಲ್ಲ.
ಕೈರ್‌ನಾರ್ವನ್‌ಗೆ ಮೂರು ಪತ್ರ ಹಾಕಿದ್ದೆ,
ನಾಲ್ಕನೆಯದು ಹಾಕಲಿಲ್ಲ.

ಅದು ಎರಡು ಸಾವಿರದ ನಾಲ್ಕು. ಬೆಥೆಸ್ಡಾದ ಮೇಲೆ
ಹಲಗೆಕಲ್ಲಿನ ಗಣಿ ಆಗಾಗ ಗುಡುಗಿ
ಕಿಟಕಿಯ ಗಾಜು ಜುಮ್ಮೆನ್ನುತ್ತಿತ್ತು.
ಒಳಗೆ ನಡೆದದ್ದು ಬೇರೆಯದೇ ಯುದ್ಧ.

ಗೆಥಿನ್ ವಿಂಡೋಸ್ ಕಡೆ: ಅಪ್ಪ ಅಂಗಡಿಯಲ್ಲಿ
ಅದನ್ನೇ ಮಾರುತ್ತಾನೆ, ಅನ್ನದ ಋಣ.
ಹೈಲ್ವೆನ್‌ಗೆ ಮ್ಯಾಕ್ ಬಿಟ್ಟರೆ ಉಳಿದದ್ದೆಲ್ಲ ತಗಡು;
ಕಾರ್ಡಿಫ್‌ನ ಚಿಕ್ಕಮ್ಮನ ಬಳಿ ಒಂದಿತ್ತಂತೆ,
ಇವಳು ಅದನ್ನು ಮುಟ್ಟಿದ್ದು ಎರಡೇ ಸಲ.
ಕುರ್ಚಿಯ ಬೆನ್ನಿಗೆ ಒಂದು ಕಚ್ಚಿದ ಸೇಬು ಮೂಡಿತು,
ಮರುದಿನ ಸೇಬಿನೊಳಗೆ ಹುಳ,
ಅದರ ಮರುದಿನ ಹುಳದ ಕತ್ತಿಗೆ
ಯಾರದೋ ಪೆಂಗ್ವಿನ್ನಿನ ಕೊಕ್ಕು.
ತಾವು ಬರೆಯದ, ತಮ್ಮ ಹೆಸರೂ ತಿಳಿಯದ
ವ್ಯವಸ್ಥೆಗಳಿಗಾಗಿ ಹದಿಮೂರರ ಮಕ್ಕಳು
ಊಟದ ಸಾಲಿನಲ್ಲಿ ಮೂಗು ಒಡೆದುಕೊಂಡರು.

ನಗುವ ಹಕ್ಕು ನನಗಿರಲಿಲ್ಲ.
ನನ್ನ ಅಟ್ಟದಲ್ಲಿ, ಹಳೆಯ ಟವೆಲ್ ಹೊದ್ದು
ಅಮಿಗಾ ಒಂದು ಮಲಗಿದೆ.
ಹೆತ್ತ ಕಂಪನಿ ಮುಳುಗಿ ಹತ್ತು ವರ್ಷ.
ಭಾನುವಾರ ಅದಕ್ಕೆ ಕರೆಂಟು ಕೊಡುತ್ತೇನೆ,
ಏನೂ ಮಾಡುವುದಿಲ್ಲ,
ಫ್ಲಾಪಿ ಗೊರಗುಟ್ಟುವುದನ್ನು ಕೇಳುತ್ತ ಕೂರುತ್ತೇನೆ.
‘ಸತ್ತವರನ್ನು ಮಾತಾಡಿಸಿದ್ದು ಸಾಕು,
ಇಳಿದು ಬಾ, ಸಾರು ಆರುತ್ತಿದೆ’ ಎಂದು
ಕೆಳಗಿನಿಂದ ನೆರಿಸ್ ಕೂಗುತ್ತಾಳೆ.

ನವೆಂಬರಿನ ಒಂದು ಸಂಜೆ, ಕೋಣೆಗೆ ಬೀಗ ಹಾಕಲು ಹೋದರೆ
ಹದಿನೇಳನೆಯ ಪರದೆಗೆ ಲಾಂಛನವಿಲ್ಲ.
ಮುಂದೆ ಮಾಬ್ಲಿ, ಕೋಟು ಬಿಚ್ಚದೆ ಕೂತಿದ್ದಾಳೆ.
ಆಟವೋ, ಇನ್ನೂ ಕೆಟ್ಟದ್ದೋ ಎಂದು ಬಗ್ಗಿ ನೋಡಿದೆ.
ಪರದೆಯ ಮೇಲೆ ಒಂದೇ ಪದ, ದೊಡ್ಡದಾಗಿ: ದೂರ್.

ನಮ್ಮ ನುಡಿಯಲ್ಲಿ ದೂರ್ ಎಂದರೆ ನೀರು.
ನಡುವಿನ ಅಕ್ಷರದ ತಲೆಗೆ ಪುಟ್ಟ ಸೂರಿರಬೇಕು.
ನನ್ನ ಬೀಗದ ಯಂತ್ರಗಳಲ್ಲಿ ಆ ಸೂರು ಏಳುವುದಿಲ್ಲ.
ಮಕ್ಕಳು ಅಚ್ಚಾದ ಹಾಳೆಯ ಮೇಲೆ
ಪೆನ್ನಿನಿಂದ ಅದನ್ನು ಹೊದಿಸುತ್ತಿದ್ದರು,
ಒಂದೊಂದೂ ಒಂದೊಂದು ಕಡೆ ವಾಲಿ.

‘ಏನೂ ಕೆಡಿಸಿಲ್ಲ ಸರ್,
ಸಿಡಿ ತೆಗೆದರೆ ನಿಮ್ಮದು ನಿಮಗೇ ವಾಪಸ್.’
‘ಅಂತೂ ನೀನು ಪೆಂಗ್ವಿನ್ ಪಕ್ಷ.’
‘ಯಾವ ಪಕ್ಷವೂ ಇಲ್ಲ.
ಅಜ್ಜಿಯ ಕಣಿವೆ ಅಣೆಕಟ್ಟಿನಡಿ ಹೋಯಿತಲ್ಲ, ಆ ಪ್ರಬಂಧ.
ನೀರು ನಲವತ್ತೊಂದು ಸಲ ಬರುತ್ತೆ. ಎಣಿಸಿದೆ.’

ನಿಯಮದಂತೆ ದೂರು ಬರೆಯಬೇಕು.
ಬರೆಯಲು ಕೂತೆ: ಹೆಸರು, ತರಗತಿ, ಯಂತ್ರದ ಸಂಖ್ಯೆ.
‘ಸಮಯ’ ಎಂಬಲ್ಲಿ ಪೆನ್ನು ನಿಂತಿತು.
ಗೋಡೆಯದನ್ನು ಬರೆಯಲೋ, ಯಂತ್ರದ್ದನ್ನೋ?
ನಡುವಿನ ಏಳು ನಿಮಿಷ ಯಾರ ಲೆಕ್ಕಕ್ಕೆ?

ಅವಳ ಮಾತನ್ನು ಪ್ರಿಂಟರು ಕೇಳಲಿಲ್ಲ.
ಇಬ್ಬರೂ ಅದನ್ನು ಬೈದೆವು, ಎರಡೂ ಭಾಷೆಯಲ್ಲಿ.
ಅವಳು ಸಿಡಿ ಜೇಬಿಗಿಳಿಸಿ ಬಸ್ಸಿಗೆ ಓಡಿದಳು.

ನಾನು ಉಳಿದು, ನಿಯಮಗಳ ಪಟ್ಟಿ ತೆರೆದು
ಒಂದೊಂದಾಗಿ ಇಳಿದೆ.
ಕೀಲಿಮಣೆಯ ಬೀಗ ತೆಗೆಯಲು ನನಗೆ ಅನುಮತಿ ಇತ್ತು.
ಮೊದಲ ದಿನದಿಂದಲೂ ಇತ್ತು.
ಯಾರೂ ಕೇಳಿರಲಿಲ್ಲ. ನಾನು ನೋಡಿರಲಿಲ್ಲ.

ಬೆಳಿಗ್ಗೆ ಗೆಥಿನ್ ಎದೆಯುಬ್ಬಿಸಿ ಕೂಗಿದ:
‘ನೋಡ್ರೋ, ನಮ್ಮ ವಿಂಡೋಸ್‌ಗೂ ಬರುತ್ತೆ!’
ಹೈಲ್ವೆನ್ ಮೂಗು ಮುರಿದಳು.
ಮಾಬ್ಲಿ ತಲೆ ಎತ್ತಲಿಲ್ಲ,
ಮೂವತ್ತೆರಡನೆಯ ನೀರಿನಲ್ಲಿದ್ದಳು.