ಕಲ್ಲುಹೂವಿನ ಖಾತೆ

ಮಂಡಿ ಮೊಹಲ್ಲಾದ ಮಹಡಿಯ ಮೇಲೆ ನಮ್ಮ ಟ್ರಸ್ಟಿನ ಆಫೀಸು:
ಒಂದು ಮೇಜು, ಎರಡು ಬೀರು,
ಗೋಡೆಯೊಳಗಿಂದ ಈಗಲೂ ಬರುವ ಹಾಲುಮಡ್ಡಿಯ ವಾಸನೆ.
ಇಲ್ಲಿ ಊದುಬತ್ತಿ ಹೊಸೆಯುತ್ತಿದ್ದ ಕಾಲಕ್ಕೆ
ಲೆಕ್ಕ ಬರೆಯಲು ಸೇರಿದವನು ನಾನು.
ಕಾರ್ಖಾನೆ ಮಾರಿದರು. ಲೆಕ್ಕ ಉಳಿಯಿತು,
ಅದರ ಜೊತೆ ನಾನೂ.

ವಿಜ್ಞಾನಕ್ಕೆ ದುಡ್ಡು ಕೊಡುತ್ತಾರಂತೆ ಎಂದು
ಮೊದಲ ವರ್ಷ ಮೆಟ್ಟಿಲ ತುಂಬ ಜನ:
ಕಟ್ಟಡ ಕಟ್ಟಿ ನಿಮ್ಮ ಹೆಸರು ಕೆತ್ತಿಸುತ್ತೇವೆ ಎಂದವರು,
ಐದೇ ವರ್ಷದಲ್ಲಿ ಕ್ಯಾನ್ಸರ್ ಓಡಿಸುವವರು,
ನಂಜನಗೂಡಿನ ಕಡೆಯಿಂದ, ಹಾವು ಕಚ್ಚಿದವರ ಪಟ್ಟಿ ಹಿಡಿದು,
ಟೋಪಿ ತೆಗೆಯಲು ಮರೆತಿದ್ದ ಒಬ್ಬ ಡಾಕ್ಟರು.
ಕಾತ್ಯಾಯಿನಮ್ಮ ಎಲ್ಲರಿಗೂ ಕಾಫಿ ತರಿಸಿದರು.
ಕಾಫಿಯ ಲೆಕ್ಕ ನನ್ನಲ್ಲಿದೆ.

ಕೊನೆಗೆ ಬಂದವಳು ಸಬೀಹಾ.
ಚಪ್ಪಲಿಗೆ ಬೆಟ್ಟದ ಮಣ್ಣು, ಚೀಲದಲ್ಲೊಂದು ಭೂತಗನ್ನಡಿ.
ಚಾಮುಂಡಿ ಬೆಟ್ಟದ ಬಂಡೆಗಳ ಮೇಲೆ
ಕಲ್ಲುಹೂವು ಅಳೆಯುತ್ತಾಳಂತೆ.
"ವರ್ಷಕ್ಕೆ ಎಷ್ಟು ಬೆಳೆಯುತ್ತೆ?"
"ಒಂದು ಮಿಲಿಮೀಟರ್. ಒಳ್ಳೆ ಮಳೆಯಾದರೆ."
"ಅದರಿಂದ ಏನು ಗೊತ್ತಾಗುತ್ತೆ?"
"ಊರಿನ ಗಾಳಿಯ ಸಮಾಚಾರ. ಗೊತ್ತಾಗದೇನೂ ಇರಬಹುದು."
"ಸರ್ಕಾರ?"
"ಮೂರು ವರ್ಷ ಕೊಟ್ಟರು. ಮೂರು ಮಿಲಿಮೀಟರ್ ಆಯ್ತು.
ಅಷ್ಟರಲ್ಲಿ ಅವಧಿ ಮುಗೀತು."

ಅಮ್ಮ ನಕ್ಕರು.
ಧೂಪದ ಪುಡಿಗೆಂದು ಮೂಟೆಗಟ್ಟಲೆ
ಕಲ್ಲುಹೂವು ಕುಟ್ಟಿಸಿದ ಮನೆತನ;
ಅದರ ತೂಕ ಗೊತ್ತಿತ್ತು, ವಯಸ್ಸು ಗೊತ್ತಿರಲಿಲ್ಲ.
"ಒಂದು ಮೂಟೆ ಅಂದರೆ ಎಷ್ಟು ವರ್ಷ, ಹುಡುಗಿ?"
ಸಬೀಹಾ ಅರ್ಜಿಯ ಬೆನ್ನ ಮೇಲೆಯೇ ಗುಣಿಸತೊಡಗಿದಳು,
ಗುಣಿಸುತ್ತಲೇ ಇದ್ದಳು.
ಕಾಫಿ ಆರಿತು.

ಹನ್ನೆರಡು ವರ್ಷಕ್ಕೆ ಮಾತು ಕೊಟ್ಟರು ಅಮ್ಮ.
ಖಾತೆಯಲ್ಲಿ ನಾನು ಬರೆದದ್ದು:
ಬೆಟ್ಟ ಹತ್ತುವ ಬೆಳ್ಳಶೆಟ್ಟಿಯ ಸಂಬಳ
(ಯಾವ ಬಂಡೆ ಯಾವುದೆಂದು ಬಲ್ಲವನು ಅವನೊಬ್ಬನೇ),
ಫ್ರೀಜರಿನ ರಿಪೇರಿ, ಕರೆಂಟು ಹೋದಾಗಿನ ಬ್ಯಾಟರಿ,
ರಟ್ಟಿನ ಪೆಟ್ಟಿಗೆ, ರಬ್ಬರ್ ಬ್ಯಾಂಡು,
ಯಾರೂ ರಿಬ್ಬನ್ ಕತ್ತರಿಸಲು ಬರದ ಬಾಬತ್ತುಗಳು.

ನಾಲ್ಕನೇ ವರ್ಷದ ವರದಿ ಒಂದೂವರೆ ಪುಟ.
ಕೊನೆಯ ಸಾಲು: ನಾನು ಅಂದುಕೊಂಡಿದ್ದು ತಪ್ಪು.
ಸೋದರಳಿಯ ಶ್ರೀಪಾದ, ನಮ್ಮ ಆಡಿಟರು,
ಕನ್ನಡಕ ತೆಗೆದು ಕೇಳಿದ: "ಇದಕ್ಕೆ ದುಡ್ಡೇ?"

ಅಮ್ಮ ಎದ್ದು ಬೀರು ತೆಗೆದರು.
ಮಾವನವರ ಕರಿರಟ್ಟಿನ ಪುಸ್ತಕ.
ಆರುನೂರ ಹನ್ನೊಂದು ಪಾಕ, ಒಂದೊಂದರ ಪಕ್ಕ ಷರಾ:
ಹೊಗೆ ಜಾಸ್ತಿ. ಗಂಟಲು ಕೆರೆತ. ಬೇಡ.
ಒದ್ದೆ ನಾಯಿಯ ವಾಸನೆ. ಬೇಡವೇ ಬೇಡ.
ಆರುನೂರ ಹನ್ನೆರಡನೆಯದು ನಲವತ್ತು ವರ್ಷ ಓಡಿತು.
"ಆ ಒಂದರ ದುಡ್ಡಲ್ಲಿ ನೀನು ಓದಿದೆ. ಇವಿಷ್ಟರ ದುಡ್ಡು ಯಾರು ಕೊಟ್ಟರು?"
"ಹನ್ನೆರಡನೆಯದು ಸಿಗದೇ ಹೋಗಿದ್ದರೆ?"
"ಮುಂದಿನವನು ಈ ಪುಸ್ತಕದಿಂದ ಶುರುಮಾಡ್ತಿದ್ದ."

ಶ್ರೀಪಾದ ಸಹಿ ಹಾಕಿದ. ಒಪ್ಪಿದನೋ, ಗೊತ್ತಿಲ್ಲ.

ನನಗೂ ಒಮ್ಮೊಮ್ಮೆ ರಾತ್ರಿ ನೆನಪಾಗುತ್ತದೆ
ಆ ಟೋಪಿಯ ಡಾಕ್ಟರು, ಅವರ ಹಾವಿನ ಪಟ್ಟಿ.
ಒಬ್ಬ ಹೆಂಗಸಿನ ಮನಸ್ಸು ಆ ಬೆಳಿಗ್ಗೆ ಎತ್ತ ವಾಲಿತೋ
ಅತ್ತ ಹೋಯಿತು ದುಡ್ಡು.
ಅವರು ಕುಡಿದ ಕಾಫಿಗೆ ಅಂದು ಆರು ರೂಪಾಯಿ.
ಅದು ಯಾವ ಕಾಲಮ್ಮಿಗೆ ಹೋಗಬೇಕು?

ಹೋದ ತಿಂಗಳು ಸಬೀಹಾ ಕೇಳಿದಳು,
ಹದಿನೇಳನೇ ಬಂಡೆಗೆ ಅಮ್ಮನ ಹೆಸರು ಬರೆಸಲೇ ಎಂದು.
ಅಮ್ಮನಿಗೆ ಈಗ ಕಿವಿ ಮಂದ; ಎರಡು ಸಲ ಹೇಳಿಸಿಕೊಂಡರು.
"ಬಣ್ಣ ಬಳಿದ ಕಡೆ ಅದು ಬೆಳೆಯುತ್ತೇನೆ?"
"ಇಲ್ಲ."
"ಮತ್ತೆ?"

ಇದು ಎಂಟನೇ ವರ್ಷ. ಮಾರ್ಚಿ ಮೂವತ್ತು.
ಖರ್ಚಿನ ಪುಟ ಕೂಡಿ ಮುಗಿಸಿದ್ದೇನೆ.
ಎದುರಿನ ಪುಟ ಖಾಲಿ ಕಂಡು, ಸುಮ್ಮನೆ,
ಜಮೆಯ ಕಡೆ ಪೆನ್ಸಿಲಿನಲ್ಲಿ ಬರೆದೆ:
ಏಳೂವರೆ ಮಿಲಿಮೀಟರ್.

ನಾಳೆ ಶ್ರೀಪಾದ ಬರುವುದರೊಳಗೆ
ಅಳಿಸಬೇಕು.