ಷರಾ

ಮೂವತ್ತೊಂದನೇ ತಾರೀಖು, ರಾತ್ರಿ ಹನ್ನೊಂದೂವರೆ.
ಬೆಳಗಾಗುವುದರೊಳಗೆ ಎಸಿಪಿ ಆಫೀಸಿಗೆ ತಖ್ತೆ ಮುಟ್ಟಬೇಕು.
ಹತ್ತೊಂಬತ್ತು ವರ್ಷದಿಂದ ಠಾಣೆಯ ರೈಟರ್ ನಾನು.
ಕಳ್ಳರನ್ನು ಹಿಡಿದದ್ದು ಎರಡೇ ಸಲ,
ಅದರಲ್ಲೊಬ್ಬ ತಾನಾಗಿಯೇ ಬಂದಿದ್ದ.
ನನ್ನ ಕೆಲಸ ಗೆರೆ ಎಳೆಯುವುದು, ಮನೆ ತುಂಬುವುದು.

ಮನೆಗಳವಿನ ಮನೆಗೆ ನಾಲ್ಕು.
ಸರಗಳವಿಗೆ ಒಂದು.
ವಾಹನಕ್ಕೆ ಹದಿನೇಳು. ಅದೊಂದು ನಂಬಬಹುದಾದ ಅಂಕಿ:
ವಿಮೆಯವರು ಎಫ್‌ಐಆರ್ ಕೇಳುತ್ತಾರೆ,
ಬೈಕು ಹೋದವನು ಜ್ವರ ಬಂದರೂ ಬಂದೇ ಬರುತ್ತಾನೆ.
ಕೊಲೆ, ಸೊನ್ನೆ.
ಹೆಣವೊಂದು ಕಂಡಿತ್ತು, ವೃಷಭಾವತಿಯಲ್ಲಿ.
ಆ ದಡ ಅವರ ಸರಹದ್ದು, ಈ ದಡ ನಮ್ಮದು,
ನಡುವೆ ತೇಲುವವನು ಯಾರವನು?
ಇಬ್ಬರು ಇನ್ಸ್‌ಪೆಕ್ಟರು ಮೂಗಿಗೆ ಕರ್ಚೀಫು ಹಿಡಿದು
ಅರ್ಧ ಗಂಟೆ ಮಾತಾಡಿದರು.
ಅಷ್ಟರಲ್ಲಿ ಅವನು ಕೆಂಗೇರಿ ಕಡೆಗೆ ಹೊರಟಿದ್ದ,
ಮೂರನೆಯವರ ಅಂಕಿಯಾಗಲು.

ಮೊಬೈಲಿನ ಮನೆ ಮಾತ್ರ ಸುಲಭಕ್ಕೆ ತುಂಬುವುದಿಲ್ಲ.
ಗಾರ್ಮೆಂಟ್ಸಿನ ಪುಟ್ಟಲಕ್ಷ್ಮಿ ಬಂದಿದ್ದಳು,
ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಸ್ಕೂಟರಿನವರಿಬ್ಬರು
ಕೈಯಿಂದಲೇ ಕಿತ್ತುಕೊಂಡರಂತೆ. ಮಣಿಕಟ್ಟಿನಲ್ಲಿ ಗೀರು.
"ಕಳವಾಗಿದೆ ಅಂತ ಬರೀರಿ ಸಾರ್."
"ಕಳೆದಿದೆ ಅಂದ್ರೆ ಈಗಲೇ ರಸೀದಿ, ನಾಳೆ ಹೊಸ ಸಿಮ್ಮು.
ಕಳವು ಅಂದ್ರೆ ಮಹಜರು, ಸಾಕ್ಷಿ, ಕೋರ್ಟು.
ಫ್ಯಾಕ್ಟ್ರೀಲಿ ಎಷ್ಟು ದಿನ ರಜಾ ಕೊಡ್ತಾರಮ್ಮ?"
ಅವಳು ಗೋಡೆಯ ಗಡಿಯಾರ ನೋಡಿದಳು.
ಕಳೆದಿದೆ ಎಂದು ಬರೆದೆ.
ಒಂದೆರಡು ಅಕ್ಷರ ಆಚೀಚೆ, ಊರು ಸುಭಿಕ್ಷ.

ಸ್ಲೇಟಿನ ಕಾಲದಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು:
ಕೂಡು. ಕಳೆ.
ಕೂಡುವಾಗ ನನಗೆ ದಶಕ ಮರೆಯುತ್ತಿತ್ತು, ಬೆತ್ತ ಬೀಳುತ್ತಿತ್ತು.
ಕಳೆಯುವುದು ಬೇಗ ಹತ್ತಿತು.
ಆ ವಿದ್ಯೆಯೇ ಅನ್ನ ಕೊಟ್ಟಿದೆ.

ಹೋದ ಯುಗಾದಿಗೆ ಮಾರ್ಕೆಟ್ ಬಸ್ಸಿನಲ್ಲಿ
ನನ್ನ ಜೇಬಿಗೇ ಬ್ಲೇಡು ಹಾಕಿದರು.
ಫೋನು ಹೋಯಿತು, ತೊಡೆಗೆ ಮೂರು ಹೊಲಿಗೆ.
ಮಾರನೆಯ ದಿನ ನನ್ನದೇ ಅಕ್ಷರದಲ್ಲಿ
ಕಳೆದಿದೆ.
ಹೊಲಿಗೆಗೆ ಕಾಲಂ ಇರಲಿಲ್ಲ.

ಬಿಜಾಪುರ ಕಡೆಯಿಂದ ಒಬ್ಬ ಪಿಎಸ್‌ಐ ಬಂದಿದ್ದರು,
ಮಹಾನಂದಾ ಬಿರಾದಾರ.
ಮೊದಲ ವಾರವೇ ತಮ್ಮ ಮೇಜಿನ ಎದುರು
ಬೆಂಚು ಹಾಕಿಸಿದರು, ಪಕ್ಕದಲ್ಲಿ ನೀರಿನ ಹೂಜಿ.
"ಕುಂದರ್ರಿ ಅಕ್ಕಾ. ನೀರು ಕುಡದು ಹೇಳ್ರಿ."
ಮಹಿಳೆಯರ ದೂರು ತಿಂಗಳಿಗೆ ಮೂರು ಇದ್ದದ್ದು
ಇಪ್ಪತ್ತೆರಡಾಯಿತು.
ಮೀಟಿಂಗಿನಲ್ಲಿ ಪರದೆಯ ಮೇಲೆ ಕೆಂಪು ಗೆರೆ
ಮಂಚನಬೆಲೆ ಬೆಟ್ಟದ ಹಾಗೆ ಎದ್ದು ನಿಂತಿತು.
"ಏನ್ರೀ ಇದು, ನಿಮ್ಮ ಏರಿಯಾದಲ್ಲಿ?"
"ಬೆಂಚ್ ಹಾಕೀನ್ರಿ ಸರ್. ಅಷ್ಟ."
ಯಾರೋ ನಕ್ಕರು.
ಶ್ರಾವಣಕ್ಕೆ ಮುಂಚೆ ಅವರಿಗೆ ವರ್ಗ ಆಯಿತು.
ಬೆಂಚು ಹಿತ್ತಲಿಗೆ ಹೋಯಿತು, ಜಪ್ತಿ ಬೈಕುಗಳ ನಡುವೆ,
ಅದರ ಮೇಲೆ ಈಗ ಠಾಣೆಯ ಬೆಕ್ಕು ಮಲಗುತ್ತದೆ.
ದೂರು ಮತ್ತೆ ಮೂರು.
ಅಪರಾಧ ಇಳಿಕೆ ಎಂದು ಪೇಪರಿನಲ್ಲಿ ಬಂತು,
ನಾನೇ ಕತ್ತರಿಸಿ ನೋಟೀಸ್ ಬೋರ್ಡಿಗೆ ಅಂಟಿಸಿದೆ.

ಎದುರಿನ ಟೀ ಅಂಗಡಿಯಲ್ಲಿ ಮೂರು ಸಂಜೆಯಿಂದ
ಒಬ್ಬಾಕೆ ಬಂದು ನಿಲ್ಲುತ್ತಾಳೆ.
ಒಂದೇ ಲೋಟ, ಕೆನೆ ಕಟ್ಟುವವರೆಗೆ.
ದೀಪ ಹಚ್ಚಿದ ಮೇಲೂ ಕಣ್ಣಿಗೆ ಕರಿ ಕನ್ನಡಕ.
ನಿನ್ನೆ ಗೇಟಿನವರೆಗೂ ಬಂದಳು.
ಸೆಂಟ್ರಿ, "ಏನಮ್ಮ?" ಅಂದ.
"ಟೈಮೆಷ್ಟಾಯ್ತು?" ಎಂದು ಕೇಳಿ ಹೊರಟುಹೋದಳು.
ಏಳೂ ಹತ್ತು, ಅಂದನಂತೆ ಅವಳ ಬೆನ್ನಿಗೆ.

ಎಲ್ಲ ಮನೆ ತುಂಬಿದೆ. ಉಳಿದದ್ದು ಷರಾ.
ಹತ್ತೊಂಬತ್ತು ವರ್ಷ ಅಲ್ಲಿ ಬರೆದದ್ದು ಒಂದೇ ಮಾತು: ಇಲ್ಲ.
ಈ ಸಲ ಕೈ ಓಡಲಿಲ್ಲ. ಖಾಲಿ ಬಿಟ್ಟು ಕಳಿಸಿದೆ.

ಬೆಳಿಗ್ಗೆ ಒಂಬತ್ತಕ್ಕೇ ಫೋನು,
ಎಸಿಪಿ ಆಫೀಸಿನ ಹುಡುಗ, ಅವಸರದಲ್ಲಿದ್ದ:
"ರೈಟರ್ರೇ, ಷರಾ ಬಿಟ್ಟುಹೋಗಿದೆ.
ಏನಂತ ತುಂಬಲಿ?"