ಹಳೇ ಪುಸ್ತಕದ ಅಂಚಿನಾಗ

ನಾಲ್ಕನೇ ಸಂಪುಟ ಮುಗಿಯೋದು ಹಿಂಗ:
ಇಂಗಳಿ ಬಾಗಿಲು ದೂಡತಾಳ, ಒಳಗೊಬ್ಬ ಮುದುಕಿ,
ಎಡ ಅಂಗೈಯಾಗ ಅದ ಸುಟ್ಟ ಗುರುತು.
ಐದನೇದು ಬರಲೇ ಇಲ್ಲ.
ಬರದಿದ್ದಕ್ಕ ನಮಗ ಹದಿನೆಂಟು ವರ್ಷದ ಉದ್ಯೋಗ.

ಚನ್ನವೀರನದು ರಕ್ತದ ಲೆಕ್ಕ.
ಗಿರಮಿಟ್ಟಿನ ಎಣ್ಣಿ ಹತ್ತಿದ ಕಾಗದದ ಮ್ಯಾಲೆ
ವಂಶಾವಳಿ ಬರದು ತೋರಸ್ತಾನ:
ಕೆಂಡದೊಡೆಯ ದೇವರು, ಅವನ ಮಗಳು, ಆಕಿ ಮಗಳು,
ನಡುವ ಒಂದು ತಲೆಮಾರು ಬರೇ ಬೂದಿ.
"ಅದರ ಮುಂದಿನದಕ್ಕ ಹೊತ್ತಲೇಬೇಕು.
ನಮ್ಮ ಮನಿತನದ ಬೋಳುತಲಿ ಹಂಗ,
ಒಂದು ಬಿಟ್ಟು ಒಂದಕ್ಕ ಬರ್ತದ."
ಹೇಳಕೋತ ಹೇಳಕೋತ ತನ್ನ ನೆತ್ತಿ ಮುಟ್ಟಿ ನೋಡಿಕೋತಾನ.

"ರಕ್ತ ಗಿಕ್ತ ಎಲ್ಲಾ ಸುಳ್ಳು" ಅಂತಾಳ ರುಬೀನಾ.
"ಆ ಮುದುಕಿ ಇಂಗಳೀನ. ಕಾಲದಾಗ ಹಿಂದಕ್ಕ ಹೋಗಿ
ತನ್ನ ಅಜ್ಜಿಯ ಅಜ್ಜಿ ಕೈಯಾಗ ಕೆಂಡ ಇಟ್ಟು ಬರ್ತಾಳ,
ಅದ ಕೆಂಡ ಕೈ ದಾಟಿ ದಾಟಿ ಈಕಿಗೆ ಬರ್ತದ."
"ಮತ್ತ ಮೊದಲ ಹಚ್ಚಿದವರ್ಯಾರು?"
"ಯಾರೂ ಇಲ್ಲ."
ಚನ್ನವೀರ ಕಚ್ಚಿದ ಮಿರ್ಚಿ ಹಂಗ ಹಿಡದು ಕೂತ.

ನನಗ ನಮ್ಮವ್ವ ಹೇಳಿದ್ದು ನೆನಪಾತು:
ಗಣೇಶಪೇಟಿ ಚಾಳಿನಾಗ ಕಡ್ಡಿಪೆಟ್ಟಿಗಿ ಉಳಸಾಕ
ಕುಳ್ಳಿನ ಚೂರಿನ ಮ್ಯಾಲೆ ಆಚೀ ಮನಿ ಕೆಂಡ ತರೋರಂತ,
ಆಚೀ ಮನಿದು ಆರಿದ್ರ ಈಚೀ ಮನಿದು ಒಯ್ಯೋರಂತ.
ಒಲಿ ಯಾರದು ಗೊತ್ತು. ಬೆಂಕಿ ಯಾರದು,
ಒಬ್ಬರೂ ಬರದಿಟ್ಟಿಲ್ಲ.
ಆದ್ರೂ ನಾನು ರಕ್ತದ ಕಡೆ.
ರುಬೀನಾ ಕಡೆ ಹೋದ್ರ ಚಹಾದ ರೊಕ್ಕ ನಾನ ಕೊಡಬೇಕಾಗ್ತದ.

ಹೋದ ಶನಿವಾರ, ಕೊಪ್ಪಿಕರ ರಸ್ತೆ,
ಪಾವಟಿಗಿ ಕೆಳಗಿನ ಮಕ್ತುಮಸಾಬರ ಅಂಗಡಿ.
ಹಳೇ ಗೈಡು, ಹೋದ ವರ್ಷದ ಪಂಚಾಂಗದ ನಡುವ
ಮೂರನೇ ಸಂಪುಟ, ಬೆನ್ನು ಹರದದ್ದು, ನಲವತ್ತು ರೂಪಾಯಿ.
ನೂರಾ ಹನ್ನೆರಡನೇ ಪುಟದ ಅಂಚಿನಾಗ
ಯಾರೋ ಪೆನ್ಸಿಲ್ಲಿಲೆ ಬರದಾರ:
"ಇಂಗಳಿ ತನ್ನ ಅಜ್ಜಿಗೆ ತಾನ ಅಜ್ಜಿ. ಬೇಕಾದ್ರ ಪೈಜು ಕಟ್ರಿ."

ಯಾವದೋ ಹುಚ್ಚು, ಅಂತ ನಕ್ಕೆ.
ಆಮ್ಯಾಲೆ ಕಂಡದ್ದು ಆ ಳ.
ಬಾಲ ಕೆಳಗ ಎಳದು, ಹಿಂದಕ್ಕ ಹೊಳ್ಳಿಸಿ,
ಮಲಗಿದ ಬೆಕ್ಕಿನಂಗ ತನ್ನ ಹೊಟ್ಟಿಗೆ ತಾನ ಸುತ್ತಿಕೊಂಡ ಳ.
ಅದು ನಮ್ಮಪ್ಪನದು.
ಅಮರಗೋಳದ ದಲಾಲಿ ಅಂಗಡಿಯಾಗ, ಮೆಣಸಿನಕಾಯಿ ಚೀಲಕ್ಕ,
ಮೂವತ್ತೆರಡು ವರ್ಷ, ಸೀನಕೋತ ಸೀನಕೋತ,
ಹುಬ್ಬಳ್ಳಿ ಹುಬ್ಬಳ್ಳಿ ಹುಬ್ಬಳ್ಳಿ ಅಂತ ಬರದ ಳ.
ಅದನ್ನ ಹಂಗ ಬರಿಯೋರು ಲೋಕದಾಗ ಇಬ್ಬರ.
ಇನ್ನೊಬ್ಬಾಕಿ ನಾನು.

ಎಸ್ಸೆಸ್ಸೆಲ್ಸಿ ಮುಗಿದ ಮರುದಿನ
ಕಿಲೋದ ಲೆಕ್ಕಕ್ಕ ರದ್ದಿಗೆ ಹಾಕಿದ್ದು, ಮರತಬಿಟ್ಟಿದ್ದೆ.
ಹದಿಮೂರರ ಬೆರಕಿ ಹುಡುಗಿ,
ಎಲ್ಲಿ ತಗದ್ರೂ ರುಬೀನಾನ ಪಕ್ಷ.
ನೂರಾ ನಲವತ್ತರಾಗ: "ದೇವರ ರಕ್ತ ಅಂತ ರಕ್ತ!
ಹಂಗಿದ್ರ ಅಪ್ಪನ ಸೀನು ನನಗ ಬರಬೇಕಿತ್ತಲ್ಲ."
ಬಂದದವ್ವಾ. ಧೂಳು ಕಂಡ್ರ ಸಾಕು, ಹನ್ನೊಂದು ಸೀನು.
ಇನ್ನೂರಾ ಆರರಾಗ: "ಮುಂದ ಓದೋರು
ಕಡೀ ಪುಟ ಮೊದಲ ನೋಡಬ್ಯಾಡ್ರಿ. ನಾ ನೋಡಿ ಕೆಟ್ಟೆ."

"ಮಕ್ತುಮಸಾಬ್ರ, ಇದು ನಂದ ಪುಸ್ತಕ."
"ಎಲ್ಲಾರೂ ಹಂಗ ಅಂತಾರ್ರೀ. ನಲವತ್ತು."
"ಅಕ್ಷರ ನೋಡ್ರಿ, ನಂದು!"
ಚೀಟಿ ಹಿಂದ ಹುಬ್ಬಳ್ಳಿ ಅಂತ ಬರದು ತೋರಿಸಿದೆ.
ಚಾಳೀಸ ಏರಿಸಿ, ಎರಡೂ ಬಾಜೂಕ ಹಿಡದು,
ಅವರು ಬಾಳೊತ್ತು ನೋಡಿದ್ರು.
"ಅಕ್ಷರ ಅದ. ಬರದಾಕಿ ಬ್ಯಾರೆ.
ಆಕಿ ಊರಿ ಬರದಾಳ, ಹಿಂದಿನ ಪುಟಕ್ಕೂ ಮೂಡ್ಯಾದ.
ನೀವು ತೇಲಿಸಿ ಬರೀತೀರಿ."

ನಲವತ್ತು ಕೊಟ್ಟೆ.
ಸಿಬಿಟಿಯಾಗ ನಿಂತು, ಕಂಡಕ್ಟರನ ಪೆನ್ನು ಇಸಕೊಂಡು,
ಆಕಿ ಸಾಲಿನ ಕೆಳಗ ನಂದೊಂದು ಸಾಲು ಬರದೆ, ಊರಿ.
ಏನಂತ ಹೇಳೂದಿಲ್ಲ.
ರುಬೀನಾಗಂತೂ ಹೇಳೂದಿಲ್ಲ.
ಪುಸ್ತಕದ ತುಂಬ ಧೂಳು.
ಏಳನೇ ಸೀನಿಗೆ ಬಸ್ಸು ಬಂತು.